ಕ್ರಿಸ್‌ಮಸ್ ಚೀಟಿಗೆ ಹೆಸರು ಬರೆಸೋ ಮುಂಚೆ ಒಂದು ಪ್ರಶ್ನೆ ಕೇಳಿ: ದುಡ್ಡು ಯಾರ ಹೆಸರಲ್ಲಿರುತ್ತೆ?

ಹಾಸನ: ಡಿಸೆಂಬರ್ ಬಂತು ಅಂದ್ರೆ ನಮ್ಮ ಕಡೆ ಎರಡು ಕೆಲಸ ಒಟ್ಟಿಗೆ ನಡೆಯುತ್ತೆ. ವರ್ಷ ಪೂರ್ತಿ ಕಟ್ಟಿದ ಕ್ರಿಸ್‌ಮಸ್ ಚೀಟಿ ದುಡ್ಡು ಕೈಗೆ ಬರೋದೂ ಈಗಲೇ, ಮುಂದಿನ ವರ್ಷದ ಚೀಟಿಗೆ ಹೆಸರು ಬರೆಸೋದೂ ಈಗಲೇ. ಮಕ್ಕಳ ಬಟ್ಟೆ, ಕೇಕು, ಗೋದಲಿ ಸಾಮಾನು, ನಕ್ಷತ್ರ, ಹಬ್ಬದ ದಿನದ ಮಾಂಸ, ನೆಂಟರು ಅಂತ ಲೆಕ್ಕ ಹಾಕಿದ್ರೆ ದುಡ್ಡು ಎಲ್ಲಿ ಹೋಯ್ತು ಅಂತಾನೇ ಗೊತ್ತಾಗಲ್ಲ. ಹಂಗಾಗಿ ತಿಂಗಳಿಗಿಷ್ಟು ಅಂತ ಎತ್ತಿಡೋದು ಒಳ್ಳೇ ಅಭ್ಯಾಸ. ಆದ್ರೆ ಎಲ್ಲಿ ಎತ್ತಿಡೋದು? ಯುಗಾದಿ ಚೀಟಿ, ಹೊಸತೊಡಕಿನ ಮಾಂಸದ ಚೀಟಿ, ದೀಪಾವಳಿ ಪಟಾಕಿ ಚೀಟಿ ಕಟ್ಟೋರಿಗೂ ಇದೇ ಮಾತು ಅನ್ವಯಿಸುತ್ತೆ.

ಚೀಟಿ ನಡೆಸೋರು ಲಾಭ ಎಲ್ಲಿಂದ ಕೊಡ್ತಾರೆ?

ಒಂದು ಲೆಕ್ಕ ನೋಡಿ. ಬೀದಿಲಿ ಚೀಟಿ ನಡೆಸೋರು ಒಬ್ರು "ತಿಂಗಳಿಗೆ 1,000 ಕಟ್ಟಿ, 12 ತಿಂಗಳಾದ್ಮೇಲೆ 14,000 ಕೊಡ್ತೀನಿ" ಅಂತಾರೆ ಅಂದ್ಕೊಳ್ಳಿ. ನೀವು ಕಟ್ಟೋದು 12,000. ಮೇಲೆ ಬರೋ 2,000 ಚಿಕ್ಕದು ಅನ್ಸುತ್ತೆ. ಆದ್ರೆ ನಿಮ್ಮ ಎಲ್ಲಾ ಕಂತೂ ವರ್ಷ ಪೂರ್ತಿ ಅವರ ಹತ್ರ ಇರಲ್ಲ. ಮೊದಲ ಕಂತು 12 ತಿಂಗಳು ಇರುತ್ತೆ, ಕೊನೇದು ಒಂದೇ ತಿಂಗಳು. ಸರಿಯಾಗಿ ಲೆಕ್ಕ ಹಾಕಿದ್ರೆ ಅದು ವರ್ಷಕ್ಕೆ ಶೇ 30ರ ಬಡ್ಡಿ. ನಮ್ಮೂರ ಲೆಕ್ಕದಲ್ಲಿ ಹೇಳಬೇಕು ಅಂದ್ರೆ ತಿಂಗಳಿಗೆ ನೂರಕ್ಕೆ ಎರಡೂವರೆ ರೂಪಾಯಿ.

ಅಷ್ಟು ಬಡ್ಡಿ ಕೊಡಬೇಕಾದ್ರೆ ಅವರು ನಿಮ್ಮ ದುಡ್ಡನ್ನ ಅದಕ್ಕಿಂತ ಜಾಸ್ತಿ ಬಡ್ಡಿಗೆ ಬೇರೆಯವರಿಗೆ ಬಿಡಲೇಬೇಕು. ಸಾಲ ತಗೊಂಡೋನು ಕಟ್ಟಲಿಲ್ಲ ಅಂದ್ರೆ ನಿಮ್ಮ ಹಬ್ಬ ಅಲ್ಲಿಗೆ ನಿಂತ ಹಾಗೆ.

ನಮ್ಮನೇಲೂ ಆಗಿದೆ. ಅಮ್ಮ ತಿಂಗಳಿಗೆ 500ರಂತೆ ಹತ್ತು ತಿಂಗಳು ಹಬ್ಬದ ಚೀಟಿ ಕಟ್ಟಿದ್ರು. ನಡೆಸ್ತಿದ್ದ ಅಕ್ಕ ಮೋಸಗಾತಿ ಅಲ್ಲ, ಊರು ಬಿಟ್ಟು ಓಡಿ ಹೋಗಲೂ ಇಲ್ಲ. ಬಡ್ಡಿಗೆ ಬಿಟ್ಟಿದ್ದ ದುಡ್ಡು ಅವರಿಗೇ ವಾಪಸ್ ಬರಲಿಲ್ಲ. ಕೇಳಕ್ಕೆ ಹೋದ್ರೆ ಅವರೇ ಅತ್ತುಬಿಟ್ರು. ಅಮ್ಮನ ಹತ್ರ ಇದ್ದಿದ್ದು ಒಂದು ಚಿಕ್ಕ ಪುಸ್ತಕ, ಅದರಲ್ಲಿ ಹತ್ತು ಸಹಿ. ಹಬ್ಬಕ್ಕೆ ಸಾಲ ಮಾಡಿದ್ವಿ.

ಅವತ್ತು ನಂಗೆ ಗೊತ್ತಾಗಿದ್ದು ಇಷ್ಟು: ಜನ ಒಳ್ಳೆಯವರಾ ಅಂತ ಕೇಳಿದ್ರೆ ಸಾಲಲ್ಲ. ದುಡ್ಡು ಯಾರ ಹೆಸರಲ್ಲಿದೆ ಅಂತ ಕೇಳಬೇಕು.

ಇಂಗ್ಲೆಂಡಲ್ಲೂ ಹಿಂಗೇ ಆಯ್ತು

ಬ್ರಿಟನ್‌ನಲ್ಲಿ ಫೇರ್‌ಪ್ಯಾಕ್ ಅಂತ ಒಂದು ಕ್ರಿಸ್‌ಮಸ್ ಚೀಟಿ ಕಂಪನಿ ಇತ್ತು. ಜನ ವರ್ಷ ಪೂರ್ತಿ ಕಂತು ಕಟ್ಟಿ, ಹಬ್ಬಕ್ಕೆ ಸಾಮಾನು, ಶಾಪಿಂಗ್ ವೋಚರ್ ತಗೊಳ್ತಿದ್ರು. ಏಜೆಂಟರು ಬಹಳಷ್ಟು ಜನ ಪರಿಚಯದವರು, ನೆಂಟರು. 2006ರ ಅಕ್ಟೋಬರ್‌ನಲ್ಲಿ, ಹಬ್ಬಕ್ಕೆ ಎರಡೂವರೆ ತಿಂಗಳಿಲ್ಲ ಅನ್ನುವಾಗ, ಕಂಪನಿ ಮುಳುಗಿತು. ಸುಮಾರು 1.5 ಲಕ್ಷ ಜನರ ದುಡ್ಡು ಸಿಕ್ಕಿಹಾಕ್ಕೊಂಡಿತು. ಅರ್ಧದಷ್ಟು ವಾಪಸ್ ಸಿಗಕ್ಕೂ ವರ್ಷಗಟ್ಟಲೆ ಕಾಯಬೇಕಾಯ್ತು. ದುಡ್ಡು ಜನರ ಹೆಸರಲ್ಲಿ ಇರಲಿಲ್ಲ, ಕಂಪನಿ ಖಾತೆಲಿ ಇತ್ತು. ಅದೇ ಕಾರಣ.

ಹಾಗಾದ್ರೆ ಎಲ್ಲಿ ಇಡೋದು?

ಬ್ಯಾಂಕ್ ಆರ್‌ಡಿ: ತಿಂಗಳ ಸಂಬಳದವರಿಗೆ, ಹಾಲಿನ ಬಟವಾಡೆ ಖಾತೆಗೆ ಬರೋರಿಗೆ ಇದು ಸರಿ. ತಿಂಗಳಿಗೆ 1,000ದಂತೆ ಒಂದು ವರ್ಷ ಕಟ್ಟಿದ್ರೆ, ಬಡ್ಡಿ ಶೇ 6.5 ಇದ್ರೆ ಸುಮಾರು 420 ರೂ. ಸಿಗುತ್ತೆ. ಕಮ್ಮಿ ಅನ್ಸುತ್ತೆ, ಆದ್ರೆ 12,000ಕ್ಕೆ ಮೋಸ ಇಲ್ಲ. ಡಿಸೆಂಬರ್ ಮೊದಲ ವಾರದಲ್ಲಿ 12 ತಿಂಗಳ ಆರ್‌ಡಿ ಶುರು ಮಾಡಿದ್ರೆ ಮುಂದಿನ ಡಿಸೆಂಬರ್ ಮೊದಲ ವಾರಕ್ಕೆ ದುಡ್ಡು ಕೈಗೆ. ಬ್ಯಾಂಕ್ ಮುಳುಗಿದ್ರೂ ಅಸಲು ಬಡ್ಡಿ ಸೇರಿ ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷ ರೂ.ವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಇದು 1 ಲಕ್ಷ ಮಾತ್ರ ಇತ್ತು.

ಅಂಚೆ ಕಚೇರಿ: ಇಲ್ಲಿ ತುಂಬಾ ಜನ ಎಡವುತ್ತಾರೆ. ಅಂಚೆ ಆರ್‌ಡಿ ಭದ್ರ, 100 ರೂ.ಯಿಂದ ಶುರು ಮಾಡಬಹುದು. ಆದ್ರೆ ಅದು 5 ವರ್ಷದ್ದು, 3 ವರ್ಷ ಆಗೋ ತನಕ ಮುಚ್ಚಕ್ಕಾಗಲ್ಲ. ಒಂದು ವರ್ಷದ ಹಬ್ಬಕ್ಕೆ ಅದು ಆಗಿಬರಲ್ಲ. ಅದರ ಬದಲು 500 ರೂ. ಇಟ್ಟು ಅಂಚೆ ಉಳಿತಾಯ ಖಾತೆ ತೆಗೆದು, ತಿಂಗಳು ತಿಂಗಳು ಅದಕ್ಕೇ ಹಾಕ್ತಾ ಹೋಗಿ. ಬೇಕಾದಾಗ ತೆಗೀಬಹುದು.

ಪಿಗ್ಮಿ: ಅಂಗಡಿಯವರಿಗೆ ಹೇಳಿ ಮಾಡಿಸಿದ್ದು. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕ್ ಶುರು ಮಾಡಿದ ಪದ್ಧತಿ ಇದು. ಅದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಗಿ, 2020ರಲ್ಲಿ ಕೆನರಾ ಬ್ಯಾಂಕ್ ಜೊತೆ ಸೇರಿತು. ಹಾಸನದ ಕಟ್ಟಿನಕೆರೆ ಮಾರ್ಕೆಟಲ್ಲಿ ತರಕಾರಿ ಮಾರೋರಿಗೆ ದಿನಕ್ಕೆ 50 ರೂ. ಎತ್ತಿಡೋದು ಸುಲಭ, ತಿಂಗಳಿಗೆ 1,500 ಒಟ್ಟಿಗೆ ಕೊಡೋದು ಕಷ್ಟ. ಕಟ್ಟಿದ ದಿನವೇ ರಸೀದಿ ಇಸ್ಕೊಳ್ಳಿ. ತಿಂಗಳಿಗೊಂದು ಸಲ ಬ್ಯಾಂಕಿಗೇ ಹೋಗಿ ಬಾಕಿ ಎಷ್ಟಿದೆ ಅಂತ ನೋಡಿ. ಮಧ್ಯದಲ್ಲಿ ತೆಗೆದ್ರೆ ಎಷ್ಟು ಹಿಡೀತಾರೆ ಅಂತ ಮೊದಲೇ ಕೇಳಿ.

ಒಂದು ಎಚ್ಚರಿಕೆ: ಪತ್ತಿನ ಸಹಕಾರ ಸಂಘ, ಸೌಹಾರ್ದ ಸಹಕಾರಿಗಳಲ್ಲೂ ಪಿಗ್ಮಿ ಇದೆ. ಅವು ಬ್ಯಾಂಕ್ ಅಲ್ಲ, ಆ 5 ಲಕ್ಷದ ವಿಮೆ ಅಲ್ಲಿ ಇಲ್ಲ.

ಒಟ್ಟಿಗೆ ದುಡ್ಡು ಬರೋರು: ಅರಕಲಗೂಡು ಕಡೆ ತಂಬಾಕು ಬೆಳೆಯೋರಿಗೆ ರಾಮನಾಥಪುರದಲ್ಲಿ ಹರಾಜು ಆದ್ಮೇಲೆ ದುಡ್ಡು ಬರುತ್ತೆ. ಹೊಳೆನರಸೀಪುರದಲ್ಲಿ ಭತ್ತ, ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಾರಿದಾಗ ಬರುತ್ತೆ. ಇವರಿಗೆ ತಿಂಗಳ ಕಂತು ಹೊಂದಲ್ಲ. ಮಾರಿದ ದಿನವೇ ಹಬ್ಬದ ಪಾಲು ತೆಗೆದು, ಡಿಸೆಂಬರ್ ಮೊದಲ ವಾರಕ್ಕೆ ಮುಗಿಯೋ ಹಾಗೆ ಎಫ್‌ಡಿ ಇಡೋದು ವಾಸಿ.

ಚೀಟಿನೇ ಕಟ್ಟಬೇಕು ಅನ್ನೋರಿಗೆ

ಚೀಟಿ ಎಲ್ಲಾ ಕೆಟ್ಟದ್ದಲ್ಲ. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ನೋಂದಣಿ ಆದ ಚೀಟಿ ಇದೆ, ಸರ್ಕಾರದ್ದೇ ಆದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತೆ. ನೋಂದಾಯಿತ ಚೀಟಿಲಿ ನಡೆಸೋರು ಮೊದಲೇ ಭದ್ರತೆ ಇಡಬೇಕು, ಕಮಿಷನ್ ಶೇ 7 ಮೀರಂಗಿಲ್ಲ. ನೋಂದಣಿ ನಂಬರ್ ಕೇಳಿ, ಸಹಕಾರ ಇಲಾಖೆಯ ಜಿಲ್ಲಾ ಕಚೇರಿಲಿ ವಿಚಾರಿಸಿ. ನಂಬರ್ ಕೇಳಿದ ತಕ್ಷಣ "ನನ್ ಮೇಲೆ ನಂಬಿಕೆ ಇಲ್ವಾ?" ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಅಂಗಡಿಯವರಿಗೂ ಒಂದು ಮಾತು. ಗಿರಾಕಿಗಳಿಂದ ಕಂತು ತಗೊಂಡು ಹಬ್ಬಕ್ಕೆ ಬಟ್ಟೆನೋ ಕೇಕೋ ಕೊಡೋದಾದ್ರೆ ಪ್ರತಿ ಕಂತಿಗೂ ರಸೀದಿ ಕೊಡಿ, ಆ ದುಡ್ಡನ್ನ ವ್ಯಾಪಾರಕ್ಕೆ ಬಳಸದೆ ಬೇರೆ ಖಾತೆಲಿ ಇಡಿ. ಅನುಮತಿ ಇಲ್ಲದೆ ಜನರಿಂದ ಠೇವಣಿ ಸಂಗ್ರಹಿಸೋ ವ್ಯವಹಾರ ನಡೆಸಿದ್ರೆ 2019ರ ಕೇಂದ್ರ ಕಾಯ್ದೆ ಪ್ರಕಾರ 2ರಿಂದ 7 ವರ್ಷ ಜೈಲು, ದಂಡವೂ ಇದೆ.

ಈಗಾಗಲೇ ಕಟ್ಟಿ ಸಿಕ್ಕಿಹಾಕ್ಕೊಂಡಿದ್ರೆ ಹಬ್ಬ ಮುಗೀಲಿ ಅಂತ ಕಾಯಬೇಡಿ. ಪುಸ್ತಕ, ಫೋನ್‌ಪೇ ದಾಖಲೆ, ವಾಟ್ಸಾಪ್ ಮೆಸೇಜು ಎಲ್ಲಾ ಇಟ್ಕೊಂಡು, ಜೊತೆಗೆ ಕಟ್ಟಿದವರನ್ನೂ ಸೇರಿಸ್ಕೊಂಡು ಪೊಲೀಸ್ ಠಾಣೆಗೆ ದೂರು ಕೊಡಿ. ರಿಸರ್ವ್ ಬ್ಯಾಂಕಿನ ಸಚೇತ್ ವೆಬ್‌ಸೈಟಲ್ಲೂ ದೂರು ಹಾಕಬಹುದು.

ಅಮ್ಮ ಈಗ ತಿಂಗಳಿಗೆ ಅದೇ 500 ಬ್ಯಾಂಕಿಗೆ ಕಟ್ತಾರೆ. ಬಡ್ಡಿ ಏನೂ ಇಲ್ಲ ಅಂತ ಬೈಯ್ತಾನೇ ಇರ್ತಾರೆ. ಆದ್ರೆ ಪಾಸ್‌ಬುಕ್ ಮೇಲೆ ಅವರ ಹೆಸರಿದೆ.