ನಿಮಗಿದು ಗೊತ್ತೇ? ಗೀಸರ್ ತಳದಲ್ಲಿ ಕೂತ ಸುಣ್ಣ

ನಿಮ್ಮ ಬೋರ್‌ವೆಲ್ ನೀರಿನ ವರದಿಯಲ್ಲಿ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಎಂದಿದೆಯೇ? ಮನೆಮಂದಿಯ ಸ್ನಾನಕ್ಕೆ ದಿನಕ್ಕೆ 150 ಲೀಟರ್ ಕಾಯಿಸಿದರೆ, ವರ್ಷಕ್ಕೆ ಸುಮಾರು 27 ಕೆಜಿ ಸುಣ್ಣದಂಶ ನಿಮ್ಮ ಗೀಸರ್ ಒಳಗಿಂದ ಹಾದುಹೋಗುತ್ತದೆ. ಬಹುಪಾಲು ನೀರಿನೊಂದಿಗೇ ಹೊರಬೀಳುತ್ತದೆ, ನಿಜ. ಉಳಿದದ್ದು ಒಳಗೇ ಕೂರುತ್ತದೆ.

ಸಕ್ಕರೆ ಬಿಸಿನೀರಿನಲ್ಲಿ ಬೇಗ ಕರಗುತ್ತದೆ. ಸುಣ್ಣದ ಗುಣ ತದ್ವಿರುದ್ಧ: ನೀರು ಕಾದಷ್ಟೂ ಅದು ಬೇರ್ಪಟ್ಟು ಕಲ್ಲಾಗುತ್ತದೆ. ಅದಕ್ಕೇ ತಣ್ಣೀರಿನ ಕೊಳಾಯಿಗಿಂತ ಗೀಸರ್ ಕಾಯಿಲ್ ಮೇಲೆ, ತಾಮ್ರದ ಹಂಡೆಯ ಒಳಮೈ ಮೇಲೆ ಪದರ ದಪ್ಪ.

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ 600ರವರೆಗೆ ಒಪ್ಪಬಹುದು.

ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಬರುವುದು ಹೇಮಾವತಿ ನೀರು. ಪಶ್ಚಿಮಘಟ್ಟದಲ್ಲಿ ಹುಟ್ಟಿ, ಗೊರೂರು ಅಣೆಕಟ್ಟೆಯಿಂದ ನಾಲೆ ಹಿಡಿದು ಬರುವ ಹೊಳೆ ನೀರಿನಲ್ಲಿ ಸೋಪು ಚೆನ್ನಾಗಿ ನೊರೆಯಾಗುತ್ತದೆ. ಆಳದ ಕಲ್ಲುಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ಬೋರ್ ನೀರಿಗೆ ಆ ಗುಣವಿಲ್ಲ. ಗುಬ್ಬಿಯಲ್ಲೋ ಕುಣಿಗಲ್‌ನಲ್ಲೋ ಬೋರ್ ನೀರನ್ನೇ ಸಿಂಟೆಕ್ಸ್‌ಗೆ ಏರಿಸುವ ಮನೆಯಾದರೆ, ಗೀಸರ್ ಕೊಳ್ಳುವ ಮೊದಲು ನೀರು ಪರೀಕ್ಷೆ ಮಾಡಿಸಿ. ಎರಡೂ ನೀರು ಬರುವ ಮನೆಯಲ್ಲಿ ಗೀಸರ್ ಮತ್ತು ಸೋಲಾರ್‌ಗೆ ಹೊಳೆ ನೀರು, ಗಿಡಕ್ಕೆ ಮತ್ತು ಅಂಗಳಕ್ಕೆ ಬೋರ್ ನೀರು ಎಂದು ಬೇರೆ ಬೇರೆ ಪೈಪ್ ಎಳೆಸುವುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಉಪಾಯ.

ಚಳಿ ದೇಶಗಳಲ್ಲಿ ಬಾಯ್ಲರ್ ನೀರು ಕೋಣೆ ಕೋಣೆಗೂ ಸುತ್ತಿ ಮನೆ ಬೆಚ್ಚಗಿಡುತ್ತದೆ. ಅದೇ ನೀರು ವರ್ಷಾನುಗಟ್ಟಲೆ ಒಳಗೇ ತಿರುಗುವುದರಿಂದ ಅಲ್ಲಿ ಕಟ್ಟುವುದು ಕಬ್ಬಿಣದ ಕಪ್ಪು ಕೆಸರು. ಅದರಲ್ಲಿ ಬಹುಪಾಲು ಮ್ಯಾಗ್ನಟೈಟ್ ಆದ್ದರಿಂದ ಆಯಸ್ಕಾಂತದ ಫಿಲ್ಟರ್ ಇಟ್ಟು ಹಿಡಿಯುತ್ತಾರೆ. ನಮ್ಮ ಬಿಳಿ ಸುಣ್ಣಕ್ಕೆ ಆಯಸ್ಕಾಂತ ಏನೂ ಮಾಡದು.

ಫ್ರಾನ್ಸಿನ ನೀಮ್ ಪಟ್ಟಣಕ್ಕೆ ರೋಮನ್ನರು ಕಟ್ಟಿದ ನೀರ್ಗಾಲುವೆಯಲ್ಲಿ ಕೆಲವೆಡೆ ಸುಣ್ಣ ಅರ್ಧ ಮೀಟರಿನಷ್ಟು ದಪ್ಪ ಕಟ್ಟಿತ್ತು!

ಗೀಸರ್ ಚಟಪಟ ಸದ್ದು ಮಾಡುತ್ತಿದೆಯೇ? ಸುಣ್ಣದ ಪದರದ ಕೆಳಗೆ ಸಿಕ್ಕಿಕೊಂಡ ನೀರು ಆವಿಯಾಗಿ ಸಿಡಿಯುವ ಸದ್ದದು. ಪದರ ಶಾಖವನ್ನು ತಡೆಯುವುದರಿಂದ ಕಾಯಿಲ್ ಅತಿಯಾಗಿ ಕಾದು ಸುಟ್ಟುಹೋಗುತ್ತದೆ. ಅದಕ್ಕಿಂತ ಭಯಪಡಬೇಕಾದದ್ದು ಸೇಫ್ಟಿ ವಾಲ್ವ್ ಬಗ್ಗೆ. ಅದರ ಬಾಯಿ ಸುಣ್ಣ ಕಟ್ಟಿ ಮುಚ್ಚಿಕೊಂಡರೆ ಒಳಗಿನ ಒತ್ತಡಕ್ಕೆ ದಾರಿಯೇ ಇರುವುದಿಲ್ಲ.

ಕಾಯಿಲ್‌ಗೆ ಹತ್ತಿದ ಸುಣ್ಣವನ್ನು ಚಾಕುವಿನಿಂದ ಕೆರೆಯಬೇಡಿ. ಎಂಸಿಬಿ ಆಫ್ ಮಾಡಿ, ನೀರು ಪೂರ್ತಿ ಆರಿದ ಮೇಲೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ. ಬಿಚ್ಚಿದ ಕಾಯಿಲ್‌ನ ಸುಣ್ಣ ಹತ್ತಿದ ಭಾಗವನ್ನಷ್ಟೇ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಕದಡಿದ ನೀರಿನಲ್ಲಿ ಮುಳುಗಿಸಿ. ವೈರ್ ಸಿಕ್ಕಿಸುವ ತುದಿ ನೆನೆಯಬಾರದು. ನೊರೆನೊರೆಯಾಗಿ ಗುಳ್ಳೆ ಏಳುತ್ತದೆ, ಸುಣ್ಣ ಕರಗುವಾಗ ಬಿಡುವ ಇಂಗಾಲದ ಡೈ ಆಕ್ಸೈಡ್ ಅದು. ಅಜ್ಜಿ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುವಾಗಲೂ ಕೆಲಸ ಮಾಡುತ್ತಿದ್ದುದು ಹುಳಿಯೇ. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ. ಅದು ಸ್ಟೀಲನ್ನೂ ತಿನ್ನುತ್ತದೆ, ಬ್ಲೀಚಿಂಗ್ ಪೌಡರ್ ಜತೆ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮಾಳಿಗೆ ಮೇಲಿನ ಸೋಲಾರ್‌ನಲ್ಲಿ ಗಾಜಿನ ಕೊಳವೆಗಳ ಕೆಳತುದಿ ಮುಚ್ಚಿರುತ್ತದೆ. ಬಿಸಿನೀರು ತಾನಾಗಿ ಮೇಲೇರಿ ಟ್ಯಾಂಕ್ ಸೇರುತ್ತದೆ, ಮಣ್ಣು ಮತ್ತು ಸುಣ್ಣದ ಪುಡಿ ಆ ತುದಿಗೆ ಇಳಿಯುತ್ತವೆ. ಟ್ಯಾಂಕಿನ ಡ್ರೈನ್ ವಾಲ್ವ್ ತೆರೆದು ನೀರು ಬಿಟ್ಟರೂ ಕೊಳವೆಯ ತಳದ ಹೂಳು ಅಲ್ಲೇ ಉಳಿಯುತ್ತದೆ. ಕೊಳವೆಗಳನ್ನೇ ಒಂದೊಂದಾಗಿ ಬಿಚ್ಚಿ ತೊಳೆಯಬೇಕು. ಈ ಕೆಲಸ ಬಿಸಿಲೇರುವ ಮುನ್ನವೇ ಆಗಬೇಕು. ಬಿಸಿಲಿಗೊಡ್ಡಿದ ಖಾಲಿ ಕೊಳವೆಯೊಳಗೆ ಶಾಖ 200 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು, ಅದಕ್ಕೆ ತಣ್ಣೀರು ಬಿಟ್ಟರೆ ಗಾಜು ಒಡೆಯುತ್ತದೆ.

ಕಾಯಿಸಿದರೆ ಸುಣ್ಣ ಇಳಿಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಇಂಗಿದಂತೆ ಅದರ ಪ್ರಮಾಣ ಏರುತ್ತದೆ. ಬೋರ್ ನೀರಿನಲ್ಲಿ ಫ್ಲೋರೈಡ್ ಕಾಟವಿರುವ ಪಾವಗಡದ ಕಡೆ ನೆಂಟರಿದ್ದವರು ಇದನ್ನು ಅವರಿಗೂ ತಿಳಿಸಿ.

ತಳದ ಹೂಳು, ಉಗುರುಬೆಚ್ಚಗಿನ ನೀರು ಎರಡೂ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಇಷ್ಟ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನ್ಯುಮೋನಿಯಾ ಹಬ್ಬಿದ ಮೇಲೆ ನಡೆದ ತನಿಖೆಯಲ್ಲಿ ಇದರ ಗುರುತು ಸಿಕ್ಕಿತು. ಕೂಡಿಟ್ಟ ಬಿಸಿನೀರು 60 ಡಿಗ್ರಿ ಇದ್ದರೆ ಅದು ಬದುಕಲಾರದು. ಸ್ನಾನಕ್ಕೆ ತಣ್ಣೀರು ಬೆರೆಸಿಕೊಳ್ಳಿ.

ಗೀಸರ್ ಒಳಗೆ ಮೆಗ್ನೀಷಿಯಂ ಕಡ್ಡಿಯೊಂದು ಇರುತ್ತದೆ. ತಾನು ಸವೆದು ಟ್ಯಾಂಕಿನ ಕಬ್ಬಿಣವನ್ನು ತುಕ್ಕಿನಿಂದ ಉಳಿಸುವುದೇ ಅದರ ಕೆಲಸ. ಈ ಉಪಾಯದ ಮೂಲ 1824ರದು: ಹಡಗುಗಳ ತಾಮ್ರದ ಹೊದಿಕೆಯನ್ನು ಕಾಪಾಡಲು ಹಂಫ್ರಿ ಡೇವಿ ಕಬ್ಬಿಣ, ಸತುವಿನ ತುಂಡು ಜೋಡಿಸಿ ತೋರಿಸಿದ್ದ. ಮುಂದಿನ ಸಲ ಸರ್ವೀಸ್‌ಗೆ ಬಂದವರಿಗೆ ಕಡ್ಡಿಯನ್ನು ಹೊರತೆಗೆದು ತೋರಿಸಲು ಹೇಳಿ. ಸವೆದು ಒಳಗಿನ ತಂತಿ ಕಾಣುತ್ತಿದ್ದರೆ ಹೊಸದು ಹಾಕಿಸಿ.