ಘಟ್ಟದ ಮಳೆಯೂ ಕಡಲಿನ ಮುಳುಗುಗಾರನೂ

ಮಳೆಗಾಲದಲ್ಲಿ ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಘಟ್ಟವಿಳಿಯುವಾಗ, ಎಡಕುಮೇರಿಯ ಆಸುಪಾಸಿನಲ್ಲಿ ಹಳ್ಳಗಳೆಲ್ಲ ಕೆಸರು ಹೊತ್ತು ಧುಮುಕುವುದನ್ನು ನಾವು ನೋಡುತ್ತೇವೆ. ಈ ನೀರು ಕೆಂಪುಹೊಳೆಯ ಮೂಲಕ ಕುಮಾರಧಾರೆಗೆ ಇಳಿದು, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಬೆರೆತು, ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಬೆಟ್ಟದ ಈ ಕೆಸರಿಗೂ ಕಡಲಿನಲ್ಲಿ ಮುಳುಗಿ ಮೀನುಗಳನ್ನು ನೋಡಬಯಸುವವನಿಗೂ ಏನು ಸಂಬಂಧ?

ಮಂಜು ಕವಿದ ಘಟ್ಟದ ರಸ್ತೆಯಲ್ಲಿ ಲಾರಿಯ ದೀಪದ ಬೆಳಕು ನಾಲ್ಕು ಮಾರಿನಾಚೆಗೆ ಹೋಗದೆ ಚದರಿಬಿಡುವುದಷ್ಟೆ. ಹಾಗೆಯೇ ನೀರಿನಲ್ಲಿ ತೇಲುವ ಮಣ್ಣಿನ ಕಣಗಳು ಬೆಳಕನ್ನು ಚದರಿಸುತ್ತವೆ. ನೇತ್ರಾವತಿಯಂತೆಯೇ ಶರಾವತಿ, ಕಾಳಿ ಮೊದಲಾದ ಹೊಳೆಗಳೂ ಮಳೆಗಾಲದಲ್ಲಿ ಮಣ್ಣನ್ನು ಕಡಲಿಗೆ ಒಯ್ಯುತ್ತವೆ. ಅಲೆಗಳು ತಳದ ಮರಳನ್ನು ಕದಡುತ್ತವೆ. ಇದರ ಮೇಲೆ ಇನ್ನೊಂದು ಅಪಾಯ ಉಂಟು. ದಡಕ್ಕೆ ಬಡಿದ ಅಲೆಗಳ ನೀರು ಕೆಲವೆಡೆ ಕಿರಿದಾದ ಪ್ರವಾಹವಾಗಿ ವೇಗದಿಂದ ಕಡಲಿಗೆ ಹಿಂದಿರುಗುತ್ತದೆ. ಈ ಸೆಳೆತಕ್ಕೆ ಸಿಕ್ಕಿದವನು ಅದಕ್ಕೆದುರಾಗಿ ಈಜಿದರೆ ದಣಿದು ಸೋಲುವನು. ದಡಕ್ಕೆ ಸಮಾನಾಂತರವಾಗಿ ಈಜಿ ಅದರಿಂದ ಹೊರಬರಬೇಕು.

ಆದುದರಿಂದಲೇ ನಮ್ಮ ನಾಡಿನಲ್ಲಿ ಸ್ಕೂಬಾ ಕಲಿಯುವವರು ಮರಳದಂಡೆಯಿಂದ ನೀರಿಗಿಳಿಯುವುದಕ್ಕಿಂತ, ಮಳೆಗಾಲ ಕಳೆದ ಮೇಲೆ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರು ದೂರದ ನೇತ್ರಾಣಿ ದ್ವೀಪಕ್ಕೆ ದೋಣಿಯಲ್ಲಿ ಹೋಗುವುದೇ ಹೆಚ್ಚು. ಅಲ್ಲಿ ಹೊಳೆಯ ಕೆಸರು ಕಡಮೆ. ಬಂಡೆಗಳ ಮೇಲೆ ಹವಳದ ಜೀವಿಗಳು ನೆಲೆಸಿವೆ. ಚಿಟ್ಟೆಮೀನು, ಗಿಳಿಮೀನುಗಳು ಅವುಗಳ ನಡುವೆ ಮೇಯುತ್ತವೆ. ಹವಳವು ಕಲ್ಲಿನಂತೆ ಕಂಡರೂ ಸಣ್ಣ ಪ್ರಾಣಿಗಳ ಸಮೂಹ. ಅದರ ಮೇಲೆ ಕಾಲೂರಬಾರದು. ಸಿಂಹಮೀನಿನ ಮುಳ್ಳುಗಳಲ್ಲಿ ವಿಷವಿರುವುದರಿಂದ ಅದನ್ನು ಮುಟ್ಟಲೂ ಬಾರದು. ನೀರು ಕೆಂಪು ಬೆಳಕನ್ನು ಬಹು ಬೇಗ ಹೀರಿಕೊಳ್ಳುವುದರಿಂದ, ಕೆಂಪು ಮೀನು ಆಳದಲ್ಲಿ ಮಾಸಲಾಗಿ ಕಾಣುವುದೂ ಒಂದು ಸೋಜಿಗವೇ.

ಮೀನಿಗಿಂತ ಹೆಚ್ಚು ಅಂಜಬೇಕಾದುದು ನಮ್ಮ ಎದೆಯೊಳಗಿನ ಗಾಳಿಗೆ. 1943ರಲ್ಲಿ ಫ್ರಾನ್ಸಿನ ಕೂಸ್ಟೊ ಮತ್ತು ಗಾನ್ಯಾ ರೂಪಿಸಿದ ಉಸಿರಾಟದ ಸಾಧನವು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಸಿಲಿಂಡರಿನ ಗಾಳಿಯನ್ನು ಒದಗಿಸುತ್ತದೆ. 10 ಮೀಟರು ಆಳದಲ್ಲಿ ಒತ್ತಡವು ಮೇಲಿನದರ ಎರಡರಷ್ಟು. ಅಲ್ಲಿ ಶ್ವಾಸಕೋಶದಲ್ಲಿ 3 ಲೀಟರು ಗಾಳಿಯಿದೆಯೆಂದು ಭಾವಿಸೋಣ. ಬಾಯಿಲನ ನಿಯಮದಂತೆ ಆ ಗಾಳಿ ನೀರಿನ ಮೇಲ್ಮೈಯಲ್ಲಿ 6 ಲೀಟರಿನಷ್ಟು ಜಾಗವನ್ನು ಬೇಡುತ್ತದೆ. ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶವೇ ಹರಿಯಬಹುದು. ಎರಡು ಮೂರು ಮೀಟರಿನ ಆಳದಿಂದ ಏರುವಾಗಲೂ ಈ ಅಪಾಯ ತಪ್ಪಿದ್ದಲ್ಲ. ಮಬ್ಬು ನೀರಿನಲ್ಲಿ ಜೊತೆಗಾರನು ಕಾಣದಾದಾಗ ಹೊಸಬನು ಗಾಬರಿಯಿಂದ ಮಾಡುವ ತಪ್ಪು ಇದೇ. ಉಸಿರು ಕಟ್ಟದೆ, ಎಡೆಬಿಡದೆ ಉಸಿರಾಡುತ್ತ, ನಿಧಾನವಾಗಿ ಏರಬೇಕೆಂಬುದು ಮೊದಲನೆಯ ಪಾಠ. ಇಳಿಯುವಾಗ ಕಿವಿ ನೋಯುವ ಮೊದಲೇ ಮೂಗು ಹಿಡಿದು ಮೆಲ್ಲಗೆ ಗಾಳಿಯೂದಿ, ಒಳಗಿನ ಒತ್ತಡವನ್ನು ಹೊರಗಿನದಕ್ಕೆ ಸರಿದೂಗಿಸಬೇಕು.

ಹೀಗೆ ಘಟ್ಟದ ಕೆಸರು ಮುಳುಗುಗಾರನ ಉಸಿರಿನವರೆಗೂ ಮುಟ್ಟುತ್ತದೆ. ನೀರು ಕದಡಿದ ದಿನ ದಡದಲ್ಲಿಯೇ ನಿಲ್ಲುವುದು ಹೇಡಿತನವಲ್ಲ. ಅದು ಕಡಲನ್ನು ಓದಬಲ್ಲವನ ಲಕ್ಷಣ. ತಿಳಿನೀರಿನ ತಿಂಗಳುಗಳು ಪ್ರತಿ ವರ್ಷವೂ ಬರುತ್ತವೆ, ಮೀನುಗಳೂ ಅಲ್ಲಿಯೇ ಇರುತ್ತವೆ.