ಟೈಟಾನಿಕ್‌ನಿಂದ ಬದುಕಿ ಬಂದ ಲೈಟಾಲರ್

ತ್ಯಾಮಗೊಂಡ್ಲಿನಲ್ಲಿ ನಮಗೆ ಕಾಣೋ ದೊಡ್ಡ ನೀರು ಅಂದ್ರೆ ಕೆರೆ. ಆದ್ರೂ ಟೈಟಾನಿಕ್ ಸಿನಿಮಾ ನೋಡದೇ ಇರೋರು ಕಡಿಮೆ. ಆ ಹಡಗಿನ ಸೆಕೆಂಡ್ ಆಫೀಸರ್ ಚಾರ್ಲ್ಸ್ ಲೈಟಾಲರ್ ಕಥೆ ಕೇಳಿ.

13ನೇ ವಯಸ್ಸಿಗೇ ಹಡಗು ಹತ್ತಿದ ಹುಡುಗ. 1912ರ ಏಪ್ರಿಲ್ 15, ನಡುರಾತ್ರಿ ಕಳೆದಿದೆ, ಟೈಟಾನಿಕ್ ಮುಳುಗ್ತಿದೆ. ಎಡಗಡೆಯ ದೋಣಿಗಳಿಗೆ ಹೆಂಗಸರು, ಮಕ್ಕಳನ್ನಷ್ಟೇ ಹತ್ತಿಸ್ತಾನೆ. ಜಾಗ ಇದ್ರೂ ಗಂಡಸರನ್ನ ಬಿಡಲ್ಲ. ಅಷ್ಟು ಬಿಗಿ ಬೇಡವಾಗಿತ್ತು, ಇನ್ನಷ್ಟು ಜೀವ ಉಳೀತಿತ್ತು. ಆದ್ರೆ ತನಗೂ ಜಾಗ ಮಾಡ್ಕೊಳ್ಳಲಿಲ್ಲ.

ಹಡಗು ಮುಳುಗುವಾಗ ನೀರಿನ ಸೆಳೆತ ಈತನನ್ನ ಗಾಳಿ ಕೊಳವೆಯ ಜಾಲರಿಗೆ ಒತ್ತಿ ಹಿಡೀತು. ಅಷ್ಟರಲ್ಲಿ ಒಳಗಿಂದ ನುಗ್ಗಿದ ಬಿಸಿಗಾಳಿ ಮೇಲಕ್ಕೆ ದೂಡ್ತು! ಮಗುಚಿದ ದೋಣಿಯ ಬೆನ್ನ ಮೇಲೆ ಸುಮಾರು 30 ಜನ. ಅಲೆ ಎದ್ದಾಗಲೆಲ್ಲ ಎಡಕ್ಕೆ ವಾಲಿ, ಬಲಕ್ಕೆ ವಾಲಿ ಅಂತ ಹೇಳ್ತಾ ಬೆಳಗಿನ ತನಕ ಅವರನ್ನ ನಿಲ್ಲಿಸಿದ್ದ. ಕಾಪಾಡೋಕೆ ಬಂದ ಕಾರ್ಪೇಥಿಯಾ ಹಡಗನ್ನ ಕೊನೆಗೆ ಹತ್ತಿದವನೂ ಈತನೇ.

1940, ಎರಡನೇ ಮಹಾಯುದ್ಧ. ಫ್ರಾನ್ಸಿನ ಡನ್‌ಕರ್ಕ್ ತೀರದಲ್ಲಿ ಸಿಕ್ಕಿಬಿದ್ದ ಸೈನಿಕರನ್ನ ಇಂಗ್ಲೆಂಡಿಗೆ ಕರ್ಕೊಂಡು ಬರಬೇಕಿತ್ತು. ಮಗ ಬ್ರಯನ್ ಯುದ್ಧದ ಶುರುವಿನಲ್ಲೇ ತೀರಿಹೋಗಿದ್ದ. 66 ವರ್ಷದ ಲೈಟಾಲರ್, ಇನ್ನೊಬ್ಬ ಮಗನನ್ನ ಕರ್ಕೊಂಡು, ತನ್ನ ಸ್ವಂತ ದೋಣಿ ಸನ್‌ಡೌನರ್ ಅನ್ನ ಬಾಂಬುಗಳ ನಡುವೆ ನುಗ್ಗಿಸಿದ. 21 ಜನಕ್ಕಿಂತ ಹೆಚ್ಚು ಯಾವತ್ತೂ ಕೂತಿರದ ದೋಣಿ ಅದು. ಅವತ್ತು ಸುಮಾರು 130 ಜನರನ್ನ ತುಂಬ್ಕೊಂಡು ಇಂಗ್ಲೆಂಡಿನ ರ‍್ಯಾಮ್ಸ್‌ಗೇಟ್ ಸೇರ್ತು.